ಚಾಲಕನ ತಲೆಯ ಮೇಲಿಂದ ಕಂಡ 2024: ಎಫ್‌1 ಟಿವಿ ಪ್ರೊ ಜೊತೆ ಒಂದು ವರ್ಷ

2024ರ ಫಾರ್ಮುಲಾ 1 ಋತುವಿನಲ್ಲಿ ಒಟ್ಟು 24 ರೇಸ್‌ಗಳು ನಡೆದವು. ಒಂದೇ ವರ್ಷದಲ್ಲಿ ಅಷ್ಟು ರೇಸ್‌ಗಳು ನಡೆದದ್ದು ಈ ಕ್ರೀಡೆಯ ಇತಿಹಾಸದಲ್ಲಿ ಅದೇ ಮೊದಲು. ಅವುಗಳಲ್ಲಿ 23ನ್ನು ನಾನು ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿರುವ ನಮ್ಮ ಮನೆಯಲ್ಲಿ ಕೂತು ಎಫ್‌1 ಟಿವಿ ಪ್ರೊ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ನೋಡಿದೆ, ಉಳಿದ ಒಂದನ್ನು ನಮ್ಮ ಊರಿನ ಸರ್ಕ್ಯೂಟ್‌ಗೇ ಹೋಗಿ ನೋಡಿದೆ. ಮಾರ್ಚ್ 2ರ ಬಹರೇನ್ ರೇಸ್‌ನಿಂದ ಡಿಸೆಂಬರ್ 8ರ ಅಬುಧಾಬಿ ರೇಸ್‌ವರೆಗೆ ವರ್ಷವಿಡೀ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಕನ್ನಡಿಗ ಗೆಳೆಯರಲ್ಲಿ ಹಲವರು ಕೇಬಲ್ ವಾಹಿನಿಯಲ್ಲೇ ರೇಸ್ ಬರುವಾಗ ಬೇರೆ ಚಂದಾ ಏಕೆ ಕಟ್ಟಬೇಕು ಎಂದು ಕೇಳಿದ್ದರು. ಅವರಿಗೆ ಎರಡು ಮಾತಿನಲ್ಲಿ ಹೇಳಿ ಮುಗಿಸಲು ಆಗದ್ದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಸೇವೆಯಲ್ಲಿ ಏನೇನು ಸಿಗುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ನನ್ನ ಮಾತು 2024ರಲ್ಲಿ ಅಮೆರಿಕದಲ್ಲಿ ಸಿಗುತ್ತಿದ್ದ ಪ್ರೊ ಚಂದಾಕ್ಕೆ ಮಾತ್ರ ಅನ್ವಯಿಸುತ್ತದೆ.

ಸಾಮಾನ್ಯ ಟಿವಿ ಪ್ರಸಾರದಲ್ಲಿ ನಿರ್ದೇಶಕರೊಬ್ಬರು ಆರಿಸಿದ ಒಂದೇ ಚಿತ್ರವನ್ನು ಎಲ್ಲರೂ ನೋಡುತ್ತಾರೆ. ಈ ಸೇವೆಯಲ್ಲಿ 2024ರಲ್ಲಿ ಆ ಚಿತ್ರದ ಜೊತೆಗೆ 20 ಕಾರುಗಳ ಮೇಲಿನ ಕ್ಯಾಮೆರಾಗಳೂ ಪ್ರತ್ಯೇಕವಾಗಿ ತೆರೆದಿರುತ್ತಿದ್ದವು. ಯಾವ ಚಾಲಕರನ್ನು ಆರಿಸಿಕೊಳ್ಳುತ್ತೇವೋ ಅವರ ತಲೆಯ ಮೇಲಿಂದ ರಸ್ತೆ ಕಾಣುತ್ತದೆ, ಅವರಿಗೂ ಅವರ ಎಂಜಿನಿಯರ್‌ಗೂ ನಡುವೆ ರೇಡಿಯೊದಲ್ಲಿ ನಡೆಯುವ ಮಾತು ಕೇಳುತ್ತದೆ. ಇದಲ್ಲದೆ ಪ್ರತಿ ಕಾರು ಟ್ರ್ಯಾಕಿನ ಯಾವ ಮೂಲೆಯಲ್ಲಿದೆ ಎಂದು ತೋರಿಸುವ ನಕ್ಷೆಯೂ, ಸುತ್ತಿನ ಸಮಯ, ಮುಂದಿನವರಿಗೂ ತಮಗೂ ಇರುವ ಅಂತರ, ಹಾಕಿಕೊಂಡ ಟೈರ್ ಇವುಗಳನ್ನೆಲ್ಲ ಕ್ಷಣಕ್ಷಣಕ್ಕೂ ತೋರಿಸುವ ಪಟ್ಟಿಯೂ ಇದೆ. ಹಳೆಯ ರೇಸ್‌ಗಳ ದೊಡ್ಡ ಸಂಗ್ರಹವಿದೆ. ಕೆಳವಿಭಾಗಗಳಾದ ಫಾರ್ಮುಲಾ 2, ಫಾರ್ಮುಲಾ 3, ಮಹಿಳೆಯರ ಎಫ್‌1 ಅಕಾಡೆಮಿ ರೇಸ್‌ಗಳು ನೇರವಾಗಿ ಬರುತ್ತವೆ. ಆದರೆ ನಾನು ಹಣ ಕೊಟ್ಟದ್ದು ಆ 20 ಕ್ಯಾಮೆರಾಗಳಿಗೂ ಆ ಒಂದು ಪಟ್ಟಿಗೂ ಎಂದೇ ಹೇಳಬೇಕು.

ಅವೆರಡೂ 2024ರಲ್ಲಿ ಏಕೆ ಅಷ್ಟು ಬೆಲೆಬಾಳಿದವು ಎಂದು ತಿಳಿಯಲು ಆ ವರ್ಷದ ಸ್ವರೂಪವನ್ನು ನೋಡಬೇಕು. ಮೊದಲ ಹತ್ತು ರೇಸ್‌ಗಳಲ್ಲಿ ಏಳನ್ನು ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ ಗೆದ್ದರು. ಆಮೇಲಿನ ಹತ್ತರಲ್ಲಿ ಅವರಿಗೆ ಒಂದು ಗೆಲುವೂ ಸಿಗಲಿಲ್ಲ. ಆದರೂ ಕೊನೆಗೆ ಲಾಸ್ ವೇಗಸ್‌ನಲ್ಲಿ ನಾಲ್ಕನೆಯ ಸಲ ವಿಶ್ವ ಚಾಂಪಿಯನ್ ಆದವರು ಅವರೇ. ಏಳು ಮಂದಿ ಚಾಲಕರು ತಲಾ ಎರಡಾದರೂ ರೇಸ್ ಗೆದ್ದ ವರ್ಷವದು: ವರ್ಸ್ಟಾಪನ್ 9, ಲ್ಯಾಂಡೊ ನಾರಿಸ್ 4, ಶಾರ್ಲ್ ಲೆಕ್ಲೆರ್ 3, ಪಿಯಾಸ್ಟ್ರಿ, ಸೈಂಜ್, ರಸೆಲ್, ಹ್ಯಾಮಿಲ್ಟನ್ ತಲಾ 2. ನಾಲ್ಕು ತಂಡಗಳ ಕಾರುಗಳ ನಡುವಿನ ವ್ಯತ್ಯಾಸ ಹಲವು ವಾರ ಸುತ್ತಿಗೆ ಸೆಕೆಂಡಿನ ಹತ್ತನೆಯ ಒಂದೆರಡು ಭಾಗದಷ್ಟೇ ಇರುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸ ದೂರದಿಂದ ತೆಗೆದ ಚಿತ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅಂಕಿಗಳಲ್ಲಿ ಕಾಣುತ್ತದೆ, ಸ್ಟಿಯರಿಂಗ್ ಹಿಡಿದ ಕೈಗಳಲ್ಲಿ ಕಾಣುತ್ತದೆ.

ಪಟ್ಟಿಯ ವಿಷಯವನ್ನು ಮೊದಲು ಹೇಳುತ್ತೇನೆ. ಮೈಸೂರಿನಲ್ಲಿರುವ ನಮ್ಮ ಅಪ್ಪ ಮೇ ತಿಂಗಳಲ್ಲಿ ನಮ್ಮ ಮನೆಗೆ ಬಂದು ಅಕ್ಟೋಬರ್ ಕೊನೆಯವರೆಗೂ ಇದ್ದರು. ಬಸ್ ಡಿಪೊದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೆಕ್ಯಾನಿಕ್ ಆಗಿದ್ದ ಅವರಿಗೆ ಇಂಗ್ಲಿಷ್ ವೀಕ್ಷಕ ವಿವರಣೆಯ ವೇಗ ಹಿಡಿಯುತ್ತಿರಲಿಲ್ಲ, ಆದರೆ ಅಂಕಿಗಳಿಗೆ ಭಾಷೆಯ ತೊಡಕಿಲ್ಲ. ಯುರೋಪಿನ ರೇಸ್‌ಗಳು ನಮಗೆ ಭಾನುವಾರ ಬೆಳಗಿನ ಎಂಟು, ಒಂಬತ್ತು ಗಂಟೆಗೆ ಬರುತ್ತವೆ. ಉಪ್ಪಿಟ್ಟು, ಕಾಫಿಯ ಹೊತ್ತು. ಟಿವಿಯಲ್ಲಿ ಮುಖ್ಯ ಚಿತ್ರ ಹಾಕಿ, ಸಮಯದ ಪಟ್ಟಿಯನ್ನು ಟ್ಯಾಬ್ಲೆಟ್‌ನಲ್ಲಿ ತೆರೆದು ಅಪ್ಪನ ಮುಂದಿಟ್ಟೆ. ನೇರಳೆ ಬಣ್ಣ ಬಂದರೆ ಎಲ್ಲರಿಗಿಂತ ವೇಗ, ಹಸಿರು ಬಂದರೆ ಆ ಚಾಲಕ ತನ್ನದೇ ಹಿಂದಿನ ಸಮಯವನ್ನು ಮೀರಿಸಿದ್ದಾನೆ, ಹಳದಿ ಬಂದರೆ ಎರಡೂ ಇಲ್ಲ. ಟೈರ್‌ನಲ್ಲಿ ಕೆಂಪು ಮೆತ್ತನೆಯದು, ಹಳದಿ ಮಧ್ಯಮ, ಬಿಳಿ ಗಟ್ಟಿ. ಇಷ್ಟು ಹೇಳಿಕೊಟ್ಟಿದ್ದೆ.

ಜುಲೈ 7ರ ಸಿಲ್ವರ್‌ಸ್ಟೋನ್ ರೇಸ್‌ನಲ್ಲಿ ನಡುವೆ ಮಳೆ ಬಂದು ನಿಂತಿತು, ಟ್ರ್ಯಾಕ್ ಒಣಗತೊಡಗಿತು. 38ನೇ ಸುತ್ತಿನಲ್ಲಿ ಮರ್ಸಿಡಿಸ್ ತಂಡದ ಹ್ಯಾಮಿಲ್ಟನ್ ಮೆತ್ತನೆಯ ಟೈರ್ ಹಾಕಿಸಿಕೊಂಡರು, ವರ್ಸ್ಟಾಪನ್ ಗಟ್ಟಿಯದನ್ನು ಹಾಕಿಸಿಕೊಂಡರು. ಮುಂದಿದ್ದ ನಾರಿಸ್ ಒಂದು ಸುತ್ತು ತಡವಾಗಿ ಬಂದು, ಮೆತ್ತನೆಯದನ್ನೇ ಆರಿಸಿಕೊಂಡು, ಹ್ಯಾಮಿಲ್ಟನ್ ಹಿಂದೆ ಬಿದ್ದರು. ಮುಖ್ಯ ಚಿತ್ರದಲ್ಲಿ ಆಗ ಕಾಣುತ್ತಿದ್ದದ್ದು ಗ್ಯಾಲರಿಯಲ್ಲಿ ಎದ್ದುನಿಂತ ಜನ ಮತ್ತು ಮುಂದೆ ಓಡುತ್ತಿದ್ದ ಕಪ್ಪು ಮರ್ಸಿಡಿಸ್. ಅಪ್ಪ ಮಾತ್ರ ಟ್ಯಾಬ್ಲೆಟ್‌ನಿಂದ ಕಣ್ಣು ತೆಗೆಯಲಿಲ್ಲ. ನಾರಿಸ್ ಹೆಸರಿನ ಮುಂದೆ ಸಾಲಾಗಿ ಹಳದಿ ಬರತೊಡಗಿದ್ದನ್ನೂ ಮೂರನೆಯ ಸ್ಥಾನದಲ್ಲಿದ್ದ ವರ್ಸ್ಟಾಪನ್ ಅಂತರ ಸುತ್ತು ಸುತ್ತಿಗೂ ಇಳಿಯುತ್ತಿದ್ದುದನ್ನೂ ನೋಡಿ, "ಇವನ ಟೈರ್ ಸತ್ತೋಯ್ತು ಕಣಮ್ಮಾ, ಹಿಂದಿನವನು ಹಿಡೀತಾನೆ" ಎಂದರು. ವಿವರಣೆಕಾರರು ಆ ಮಾತಿಗೆ ಬರುವ ಹೊತ್ತಿಗೆ ಅಪ್ಪ ಎರಡನೆಯ ಲೋಟ ಕಾಫಿ ಮುಗಿಸಿದ್ದರು. 48ನೇ ಸುತ್ತಿನಲ್ಲಿ ವರ್ಸ್ಟಾಪನ್ ನಾರಿಸ್ ಅವರನ್ನು ದಾಟಿದರು. ಹ್ಯಾಮಿಲ್ಟನ್ ಒಂದೂವರೆ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದರು. 2021ರ ಡಿಸೆಂಬರ್ ನಂತರ ಅವರಿಗೆ ಸಿಕ್ಕ ಮೊದಲ ಗೆಲುವದು, ಸಿಲ್ವರ್‌ಸ್ಟೋನ್‌ನಲ್ಲಿ ಒಂಬತ್ತನೆಯದು. ಗೆದ್ದ ಮೇಲೆ ರೇಡಿಯೊದಲ್ಲಿ ಅವರು ಅತ್ತದ್ದನ್ನು ಕೇಳಿ ಅಪ್ಪನೂ ಕಣ್ಣೊರೆಸಿಕೊಂಡರು.

ಎರಡು ವಾರದ ಮೇಲೆ ಹಂಗೆರಿಯಲ್ಲಿ ರೇಡಿಯೊದ ಬೆಲೆ ತಿಳಿಯಿತು. ಮೆಕ್ಲಾರೆನ್ ತಂಡ ನಾರಿಸ್ ಅವರನ್ನು ಮೊದಲು ಪಿಟ್‌ಗೆ, ಅಂದರೆ ಟೈರ್ ಬದಲಿಸುವ ಜಾಗಕ್ಕೆ, ಕರೆದದ್ದರಿಂದ, ಅಲ್ಲಿಯವರೆಗೆ ಮುಂದಿದ್ದ ಜೊತೆಗಾರ ಆಸ್ಕರ್ ಪಿಯಾಸ್ಟ್ರಿ ಹಿಂದೆ ಬಿದ್ದರು. ಜಾಗ ಹಿಂದಿರುಗಿಸು ಎಂದು ತಂಡ ನಾರಿಸ್ ಅವರನ್ನು ಸುತ್ತು ಸುತ್ತಿಗೂ ಕೇಳಿಕೊಳ್ಳತೊಡಗಿತು. ಮುಖ್ಯ ಪ್ರಸಾರದಲ್ಲಿ ಆ ಮಾತಿನ ತುಣುಕುಗಳು ಬಂದವು. ನಾನು ನಾರಿಸ್ ಕ್ಯಾಮೆರಾದಲ್ಲೇ ಉಳಿದುಕೊಂಡಿದ್ದರಿಂದ ಮಾತುಗಳ ನಡುವಿನ ಮೌನವೂ ಕೇಳಿಸಿತು. ಎಂಜಿನಿಯರ್ ಸಮಾಧಾನದಿಂದ ಕಾರಣ ಹೇಳುತ್ತಾರೆ, ಉತ್ತರ ಬರುವುದಿಲ್ಲ, ಎಂಜಿನ್ ಸದ್ದು ಮಾತ್ರ ಏರುತ್ತದೆ, ಕಾರು ಮುಂದಿನ ತಿರುವನ್ನು ಸ್ವಲ್ಪವೂ ತಡೆಯದೆ ದಾಟುತ್ತದೆ. ಒಬ್ಬ ಮನುಷ್ಯ ಗೆಲುವನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನು ಬಿಡಬೇಕೋ ಬೇಡವೋ ಎಂದು ಗಂಟೆಗೆ 300 ಕಿಲೊಮೀಟರ್ ವೇಗದಲ್ಲಿ ಯೋಚಿಸುತ್ತಿರುವುದನ್ನು ಅಷ್ಟು ಹತ್ತಿರದಿಂದ ನಾನು ಹಿಂದೆಂದೂ ನೋಡಿರಲಿಲ್ಲ. ರೇಸ್ ಮುಗಿಯಲು ಎರಡೇ ಸುತ್ತು ಉಳಿದಾಗ ಅವರು ವೇಗ ಇಳಿಸಿದರು. ಪಿಯಾಸ್ಟ್ರಿ ತಮ್ಮ ಮೊದಲ ಗೆಲುವನ್ನು ಪಡೆದರು. ಆ ನಿರ್ಧಾರ ಸರಿಯೇ ಎಂದು ಇಂದಿಗೂ ವಾದವಿದೆ. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ, ಏಕೆಂದರೆ ಪಿಟ್‌ಗೆ ಕರೆದ ಕ್ರಮ ಪಿಯಾಸ್ಟ್ರಿಯ ತಪ್ಪಾಗಿರಲಿಲ್ಲ.

ಅದೇ ಹಂಗೆರಿಯ ವಾರ ಫಾರ್ಮುಲಾ 2 ವಿಭಾಗದ ಸ್ಪ್ರಿಂಟ್ ಎಂಬ ಚಿಕ್ಕ ರೇಸ್‌ನಲ್ಲಿ ಬೆಂಗಳೂರಿನ ಕುಶ್ ಮೈನಿ ಗೆದ್ದರು. ಮೊದಲು ಗುರಿ ಮುಟ್ಟಿದ್ದ ರಿಚರ್ಡ್ ವರ್ಷೂರ್ ತಾಂತ್ರಿಕ ಕಾರಣಕ್ಕೆ ಅನರ್ಹಗೊಂಡಿದ್ದರಿಂದ ಗೆಲುವು ಕುಶ್ ಪಾಲಾಯಿತು. ಪಾರಿತೋಷಕ ವೇದಿಕೆಯ ಮೇಲೆ ನಮ್ಮ ರಾಷ್ಟ್ರಗೀತೆ ಕೇಳುವ ಅವಕಾಶ ತಪ್ಪಿದ್ದಕ್ಕೆ ಬೇಸರವಾಯಿತು. ಅವರ ಇನ್ವಿಕ್ಟಾ ತಂಡ ಆ ವರ್ಷ ತಂಡಗಳ ಚಾಂಪಿಯನ್ ಆಯಿತು, ಜೊತೆಗಾರ ಗೇಬ್ರಿಯಲ್ ಬೊರ್ಟೊಲೆಟೊ ಚಾಲಕರ ಚಾಂಪಿಯನ್ ಆದರು. ಕೆಳವಿಭಾಗದ ರೇಸ್‌ಗಳನ್ನೂ ಪೂರ್ತಿ ತೋರಿಸುವ ಈ ಸೇವೆ ಇಲ್ಲದಿದ್ದರೆ ಬೆಂಗಳೂರಿನ ಹುಡುಗನನ್ನು ನಾನು ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಓದುತ್ತಿದ್ದೆ.

ಬೆಲ್ಜಿಯಂ ವಿಷಯ ಚಿಕ್ಕದು, ಆದರೆ ಅಪ್ಪನಿಗೆ ಅದೇ ಅತ್ಯಂತ ಪ್ರಿಯವಾದದ್ದು. ಜಾರ್ಜ್ ರಸೆಲ್ ಒಂದೇ ಸಲ ಟೈರ್ ಬದಲಿಸಿ ಕೊನೆಯವರೆಗೂ ಓಡಿಸಿ ಗೆದ್ದರು. ಆಮೇಲೆ ತೂಕಕ್ಕೆ ಹಾಕಿದಾಗ ಕಾರು 798 ಕಿಲೊ ಇರಬೇಕಾದ ಕಡೆ ಒಂದೂವರೆ ಕಿಲೊ ಕಡಿಮೆ ಬಂದು ಗೆಲುವು ಹ್ಯಾಮಿಲ್ಟನ್ ಪಾಲಾಯಿತು. ಸವೆದ ಟೈರ್‌ನಲ್ಲಿ ರಬ್ಬರ್ ಹೋದಷ್ಟೂ ತೂಕ ಹೋಗುತ್ತದೆ ಎಂದು ಅಪ್ಪ ಡಿಪೊ ದಿನಗಳ ಅನುಭವದಿಂದ ಅಂದೇ ಹೇಳಿದ್ದರು.

ಇನ್ನು ನಮ್ಮ ಊರಿನ ರೇಸ್. ಅಕ್ಟೋಬರ್ 20ರಂದು ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನ ಮೊದಲ ತಿರುವಿನ ದಿಬ್ಬದಲ್ಲಿ ಅಪ್ಪನೂ ನಾನೂ ಬೆಳಿಗ್ಗೆಯೇ ಹೋಗಿ ಚಾಪೆ ಹಾಸಿಕೊಂಡು ಕೂತೆವು. ಪ್ರಾರಂಭದ ಗೆರೆಯಿಂದ ಆ ತಿರುವಿಗೆ ಸುಮಾರು 40 ಮೀಟರ್ ಏರು. ಟಿವಿಯಲ್ಲಿ ಆ ಏರು ಚಪ್ಪಟೆಯಾಗಿ ಕಾಣುತ್ತದೆ, ಕಣ್ಣೆದುರು ಅದು ಗೋಡೆಯಂತೆ ಎದ್ದು ನಿಲ್ಲುತ್ತದೆ. ದೀಪ ಆರಿದ ಮೇಲೆ ಕಾರುಗಳು ಆ ಗೋಡೆ ಹತ್ತಿ ಬಂದ ಸದ್ದು ಎದೆಯೊಳಗೆ ನಡುಗಿತು. ನಾರಿಸ್ ಮತ್ತು ವರ್ಸ್ಟಾಪನ್ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೆ ಸರಿದಾಗ, ನಾಲ್ಕನೆಯವರಾಗಿ ಹೊರಟಿದ್ದ ಲೆಕ್ಲೆರ್ ಒಳಗಿನ ಖಾಲಿ ಜಾಗದಲ್ಲಿ ನುಗ್ಗಿ ನಮ್ಮೆದುರೇ ಮೊದಲಿಗರಾದರು. ಆ ಒಂದು ಕ್ಷಣವನ್ನು ಯಾವ ಸೇವೆಯೂ ಕೊಡಲಾರದು.

ಆದರೆ ಆ ರೇಸ್‌ನ ಮುಖ್ಯ ಘಟನೆ ನಮಗೆ ಕಾಣಲೇ ಇಲ್ಲ. 52ನೇ ಸುತ್ತಿನಲ್ಲಿ ದೂರದ 12ನೇ ತಿರುವಿನಲ್ಲಿ ನಾರಿಸ್ ಟ್ರ್ಯಾಕಿನ ಹೊರಗಿನಿಂದ ವರ್ಸ್ಟಾಪನ್ ಅವರನ್ನು ದಾಟಿದರು, ಅದಕ್ಕೆ ಐದು ಸೆಕೆಂಡ್ ದಂಡ ಬಿದ್ದು ಮೂರನೆಯ ಸ್ಥಾನ ಕೈತಪ್ಪಿತು. ಜನರ ಗದ್ದಲದಲ್ಲಿ ಫೋನಿಗೆ ಸಿಗ್ನಲ್ ಸಿಗದೆ, ಸುತ್ತಲಿನವರ ಕೂಗಿನಿಂದ ಏನೋ ಆಯಿತೆಂದು ತಿಳಿಯಿತೇ ಹೊರತು ಏನಾಯಿತೆಂದು ತಿಳಿಯಲಿಲ್ಲ. ರಾತ್ರಿ ಮನೆಗೆ ಬಂದು ಇಬ್ಬರ ಕ್ಯಾಮೆರಾಗಳನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆವು. ವರ್ಸ್ಟಾಪನ್ ಕಾರಿನಿಂದ ನೋಡಿದರೆ ಎದುರಾಳಿ ಹೊರಗಿನಿಂದ ಓಡಿಹೋದಂತೆ ಕಾಣುತ್ತದೆ. ನಾರಿಸ್ ಕಾರಿನಿಂದ ನೋಡಿದರೆ ಬ್ರೇಕ್ ಹಾಕುವ ಜಾಗಕ್ಕೆ ಬಂದಾಗ ಇನ್ನೊಂದು ಕಾರು ತಾನೂ ಟ್ರ್ಯಾಕಿನಲ್ಲಿ ಉಳಿಯದೆ ಇವರನ್ನೂ ಹೊರಗೆ ದೂಡುತ್ತಿರುವಂತೆ ಕಾಣುತ್ತದೆ. ಎರಡನ್ನೂ ನೋಡಿದ ಮೇಲೆ ದಂಡ ಕಠಿಣವಾಯಿತು ಎಂಬ ಅಭಿಪ್ರಾಯಕ್ಕೆ ನಾನು ಬಂದೆ. ನಿಯಮ ನಿಯಮವೇ ಎಂದು ಅಪ್ಪ ಒಪ್ಪಲಿಲ್ಲ. ಹುಲ್ಲಿನ ಮೇಲೆ ಕೂರಲು ಮೂರು ದಿನಕ್ಕೆ ನಾವು ಕೊಟ್ಟ ಹಣದಲ್ಲಿ ಈ ಸೇವೆಗೆ ಹಲವು ವರ್ಷದ ಚಂದಾ ಕಟ್ಟಬಹುದಾಗಿತ್ತು ಎಂಬುದು ನಿಜ. ಹಾಗೆಂದು ಆ ಮೂರು ದಿನದ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಇಡೀ ವರ್ಷದಲ್ಲಿ ಈ ಸೇವೆ ತನ್ನ ಪೂರ್ತಿ ಶಕ್ತಿ ತೋರಿಸಿದ್ದು ನವೆಂಬರ್ 3ರಂದು, ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ. ಅಪ್ಪ ಆಗಲೇ ಊರಿಗೆ ಹೊರಟುಹೋಗಿದ್ದರು. ಶನಿವಾರದ ಮಳೆಯಿಂದಾಗಿ ಅರ್ಹತಾ ಸುತ್ತನ್ನು ಭಾನುವಾರ ಬೆಳಿಗ್ಗೆ ನಡೆಸಿದ್ದರು. ನಾರಿಸ್ ಮೊದಲ ಸ್ಥಾನದಿಂದ ಹೊರಡುವವರು, ಎಂಜಿನ್ ಬದಲಾವಣೆಯ ದಂಡವೂ ಸೇರಿ ವರ್ಸ್ಟಾಪನ್ 17ನೆಯವರು. ಚಾಂಪಿಯನ್‌ಶಿಪ್‌ನಲ್ಲಿ ನಾರಿಸ್ ಮೇಲೆ ವರ್ಸ್ಟಾಪನ್‌ಗೆ ಇದ್ದ ಅಂಕಗಳ ಮುನ್ನಡೆ ಕರಗುವ ದಿನ ಬಂತು ಎಂದೇ ಎಲ್ಲರೂ ಎಣಿಸಿದ್ದರು. ನಾನು ಆರಂಭದಿಂದಲೇ ವರ್ಸ್ಟಾಪನ್ ಕ್ಯಾಮೆರಾ ಆರಿಸಿಕೊಂಡೆ.

ಮೊದಲ ಸುತ್ತಿನಲ್ಲಿ ಕಂಡದ್ದು ಬರೀ ಬಿಳಿ. ಮುಂದಿನ ಕಾರುಗಳು ಎಬ್ಬಿಸಿದ ನೀರಿನ ಮಂಜಿನಲ್ಲಿ ಅವುಗಳ ಹಿಂದಿನ ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು. ಲೆನ್ಸಿನ ಮೇಲೆ ಹನಿಗಳು ಓರೆಯಾಗಿ ಓಡುತ್ತಿದ್ದವು. ಆ ಮಂಜಿನೊಳಗಿನಿಂದ ಒಂದು ಹಿಂಬದಿ ರೆಕ್ಕೆ ಏಕಾಏಕಿ ಮೂಡುತ್ತದೆ, ಕೈಗಳು ಸ್ಟಿಯರಿಂಗನ್ನು ಸ್ವಲ್ಪವೇ ಒಳಕ್ಕೆ ತಿರುಗಿಸುತ್ತವೆ, ಆ ರೆಕ್ಕೆ ಪಕ್ಕಕ್ಕೆ ಸರಿದು ಮಾಯವಾಗುತ್ತದೆ. ಹೀಗೆ ಒಂದೊಂದೇ ಕಾರು. ಉದ್ದನೆಯ ನೇರ ರಸ್ತೆಯ ಕೊನೆಗೆ, ಮೊದಲ ತಿರುವಿನ ಇಳಿಜಾರಿನಲ್ಲಿ, ಬೇರೆಯವರು ಬ್ರೇಕ್ ಹಾಕಿದ ಮೇಲೂ ಇವರ ಕಾರಿನ ಸದ್ದು ಒಂದು ಗಳಿಗೆ ಇಳಿಯುತ್ತಿರಲಿಲ್ಲ. ಆ ಒಂದು ಗಳಿಗೆಯ ತಡವನ್ನು ನಾನು ಕಿವಿಯಿಂದ ತಿಳಿದುಕೊಂಡೆ. ಮುಖ್ಯ ಚಿತ್ರದಲ್ಲಿ ಅದು ಸಾಧಾರಣ ಓವರ್‌ಟೇಕ್‌ನಂತೆ ಮಾತ್ರ ಕಂಡಿರುತ್ತದೆ. ಉಳಿದವರ ಕೈಗಳು ಎಷ್ಟು ಒದ್ದಾಡುತ್ತಿವೆ ಎಂದು ನೋಡಲು ನಡುನಡುವೆ ನಾರಿಸ್ ಕ್ಯಾಮೆರಾಕ್ಕೆ ಹೋಗಿ ಬರುತ್ತಿದ್ದೆ. ಒಬ್ಬರದು ತಿದ್ದಿ ತಿದ್ದಿ ಓಡಿಸುವ ಕೈ, ಇನ್ನೊಬ್ಬರದು ಒಮ್ಮೆ ತಿರುಗಿಸಿ ಬಿಡುವ ಕೈ.

ಮಳೆ ಜೋರಾದಾಗ ನಾರಿಸ್ ಮತ್ತು ರಸೆಲ್ ಟೈರ್ ಬದಲಿಸಲು ಒಳಗೆ ಬಂದರು. ವರ್ಸ್ಟಾಪನ್ ಮತ್ತು ಆಲ್ಪೀನ್ ತಂಡದ ಒಕೋನ್, ಗ್ಯಾಸ್ಲಿ ಹೊರಗೇ ಉಳಿದರು. ಅಷ್ಟರಲ್ಲಿ ವಿಲಿಯಮ್ಸ್ ತಂಡದ ಕೊಲಪಿಂಟೊ ಅವರ ಕಾರು ಗೋಡೆಗೆ ಬಡಿದು ಕೆಂಪು ಬಾವುಟ ಬಂತು. ರೇಸ್ ನಿಂತಾಗ ಎಲ್ಲರೂ ಟೈರ್ ಬದಲಿಸಬಹುದಾದ್ದರಿಂದ ಹೊರಗಿದ್ದ ಮೂವರಿಗೂ ಪುಕ್ಕಟೆ ಲಾಭವಾಯಿತು. ಅದೃಷ್ಟದ ಪಾಲು ಇದ್ದದ್ದು ಅಷ್ಟು. ಆಮೇಲೆ ಇನ್ನೊಂದು ಅಪಘಾತವಾಗಿ, 43ನೇ ಸುತ್ತಿನಲ್ಲಿ ರೇಸ್ ಪುನಃ ಶುರುವಾದಾಗ ಒಕೋನ್ ಅವರನ್ನು ಅದೇ ಮೊದಲ ತಿರುವಿನಲ್ಲಿ ದಾಟಿದ ಮೇಲೆ ವರ್ಸ್ಟಾಪನ್ ನೇರಳೆ ಬಣ್ಣದ ಸುತ್ತುಗಳನ್ನು ಒಂದರ ಹಿಂದೊಂದು ಓಡಿಸಿ 19 ಸೆಕೆಂಡಿಗೂ ಹೆಚ್ಚು ಅಂತರದಿಂದ ಗೆದ್ದರು. ನಾರಿಸ್ ಆರನೆಯವರಾದರು. ಆ ವರ್ಷದ ಚಾಂಪಿಯನ್‌ಶಿಪ್ ನಿರ್ಧಾರವಾದದ್ದು ಅಂದೇ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ವಾರದಲ್ಲಿ ಮತ್ತೆರಡು ಸಲ ಆ ರೇಸನ್ನು ಅದೇ ಕ್ಯಾಮೆರಾದಿಂದ ಪೂರ್ತಿ ನೋಡಿದೆ. ಮುಗಿದ ರೇಸ್‌ಗಳೂ ಎಲ್ಲ ಕ್ಯಾಮೆರಾಗಳೊಂದಿಗೆ ಉಳಿದಿರುವುದು ಈ ಸೇವೆಯ ದೊಡ್ಡ ಗುಣ.

ಸೇವೆಯ ಸ್ವಂತ ವೀಕ್ಷಕ ವಿವರಣೆಯೂ ಚೆನ್ನಾಗಿದೆ. ಅಲೆಕ್ಸ್ ಜಾಕ್ಸ್ ಅವರ ದನಿ ರೇಸ್ ಕಾವೇರಿದಂತೆ ಏರುತ್ತದೆಯೇ ಹೊರತು ಕಾರಣವಿಲ್ಲದೆ ಕೂಗುವುದಿಲ್ಲ. ಸ್ವತಃ ಫಾರ್ಮುಲಾ 1 ಓಡಿಸಿದ್ದ ಜೋಲಿಯನ್ ಪಾಮರ್ ಒಂದು ತಿರುವನ್ನು ಬಿಡಿಸಿ ಹೇಳುವ ಕ್ರಮದಿಂದ ನಾನು ಬಹಳ ಕಲಿತೆ. ಇಂಗ್ಲಿಷ್ ಅಲ್ಲದೆ ಯುರೋಪಿನ ಇನ್ನೂ ಕೆಲವು ಭಾಷೆಗಳಲ್ಲಿ ವಿವರಣೆ ಸಿಗುತ್ತದೆ, ಭಾರತದ ಯಾವ ಭಾಷೆಯಲ್ಲೂ ಇಲ್ಲ. ಐಪಿಎಲ್ ಕ್ರಿಕೆಟ್‌ಗೆ ಕನ್ನಡದ ವಿವರಣೆ ಬಂದ ಮೇಲೆ ಮನೆಯ ಹಿರಿಯರೂ ಎಷ್ಟು ಹುರುಪಿನಿಂದ ನೋಡುತ್ತಾರೆಂದು ಕಂಡವರಿಗೆ ಈ ಕೊರತೆ ಎದ್ದು ಕಾಣುತ್ತದೆ. ಆರು ತಿಂಗಳು ಅಪ್ಪನಿಗೆ ಹೇಳುತ್ತಾ ಹೇಳುತ್ತಾ, ಟೈರ್ ಸವೆತ, ಮುಂದಿನವನ ಗಾಳಿಯ ಮರೆ, ಒಂದು ಸುತ್ತು ಮೊದಲೇ ಪಿಟ್‌ಗೆ ಹೋಗಿ ಎದುರಾಳಿಯನ್ನು ದಾಟುವ ಉಪಾಯ, ಇವೆಲ್ಲವನ್ನೂ ಕನ್ನಡದಲ್ಲಿ ಸಲೀಸಾಗಿ ಹೇಳಬಹುದೆಂದು ನನಗೆ ಮನವರಿಕೆಯಾಯಿತು. ಯಾರಾದರೂ ಆ ಕೆಲಸಕ್ಕೆ ಕೈಹಾಕಲಿ ಎಂದು ಮನಸಾರೆ ಬಯಸುತ್ತೇನೆ.

2024ರ ಆ್ಯಪ್‌ನಲ್ಲಿ ಒಂದೇ ಪರದೆಯಲ್ಲಿ ಹಲವು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುವ ಅನುಕೂಲ ಇರಲಿಲ್ಲ. ನಮ್ಮಂತೆ ಟಿವಿ, ಟ್ಯಾಬ್ಲೆಟ್ ಎರಡನ್ನೂ ಹೊಂದಿಸಿಕೊಂಡವರಿಗೇ ಇದರ ಪೂರ್ತಿ ಫಲ ಸಿಗುತ್ತಿತ್ತು. ಈ ಕ್ರೀಡೆಗೆ ಹೊಸಬರಾದವರು ಮೊದಲ ಐದಾರು ರೇಸ್‌ಗಳನ್ನು ಮುಖ್ಯ ಚಿತ್ರದಲ್ಲೇ ನೋಡುವುದು ಒಳ್ಳೆಯದು, ಏಕೆಂದರೆ ಅಷ್ಟೊಂದು ಕ್ಯಾಮೆರಾಗಳ ನಡುವೆ ಓಡಾಡುವಾಗ ರೇಸ್‌ನ ಎಳೆಯೇ ಕೈತಪ್ಪಿಹೋಗಬಹುದು. ವರ್ಷಕ್ಕೆ ನಾಲ್ಕೈದು ರೇಸ್ ಮಾತ್ರ ನೋಡುವವರಿಗೆ 2024ರಲ್ಲಿ ಕೇಬಲ್ ವಾಹಿನಿಯೇ ಸಾಕಾಗಿತ್ತು. ನಿದ್ದೆಗೆಟ್ಟಾದರೂ ಎಲ್ಲವನ್ನೂ ನೋಡುವವರು ಯೋಚನೆ ಮಾಡದೆ ಚಂದಾ ಕಟ್ಟಬಹುದಿತ್ತು. ಮೆಲ್ಬರ್ನ್ ರಾತ್ರಿ ಹನ್ನೊಂದಕ್ಕೆ, ಸುಜುಕ ನಡುರಾತ್ರಿಗೆ, ಶಾಂಘೈ ಬೆಳಗಿನ ಜಾವ ಎರಡಕ್ಕೆ ಬಂದಾಗ ನಾನು ಒಂದನ್ನೂ ಬಿಟ್ಟಿಲ್ಲ.

ಅಬುಧಾಬಿಯ ಕೊನೆಯ ರೇಸ್ ನಮಗೆ ಬೆಳಿಗ್ಗೆ ಏಳಕ್ಕೆ, ಮೈಸೂರಿನಲ್ಲಿ ಸಂಜೆ ಆರೂವರೆಗೆ ಶುರುವಾಯಿತು. ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಟ್ಯಾಬ್ಲೆಟ್ ಪಕ್ಕದಲ್ಲಿಟ್ಟೆ. ಮೊದಲ ತಿರುವಿನಲ್ಲೇ ವರ್ಸ್ಟಾಪನ್ ಮತ್ತು ಪಿಯಾಸ್ಟ್ರಿ ಡಿಕ್ಕಿಯಾದರು. ತಂಡದ ಇಬ್ಬರು ಚಾಲಕರ ಅಂಕಗಳನ್ನೂ ಸೇರಿಸಿ ಕೊಡುವ ತಂಡಗಳ ಚಾಂಪಿಯನ್‌ಶಿಪ್‌ಗೆ ಮೆಕ್ಲಾರೆನ್ ಮತ್ತು ಫೆರಾರಿ ನಡುವೆ ಪೈಪೋಟಿಯಿತ್ತು; ಮೆಕ್ಲಾರೆನ್ ಪಾಲಿನ ಭಾರವೆಲ್ಲ ಮುಂದೆ ಒಂಟಿಯಾಗಿ ಓಡುತ್ತಿದ್ದ ನಾರಿಸ್ ಮೇಲೆ ಬಿತ್ತು. 19ನೆಯವರಾಗಿ ಹೊರಟ ಲೆಕ್ಲೆರ್ ಮೊದಲ ಸುತ್ತಿನಲ್ಲೇ ಎಂಟನೆಯ ಸ್ಥಾನಕ್ಕೆ ಬಂದರು, ಕೊನೆಗೆ ಮೂರನೆಯವರಾದರು. ಅವರ ಫೆರಾರಿ ಜೊತೆಗಾರ ಸೈಂಜ್ ಎರಡನೆಯವರಾದರು. ಪ್ರತಿ ಸುತ್ತಿಗೂ "ಅಂತರ ಎಷ್ಟಮ್ಮಾ?" ಎಂದು ಅಪ್ಪ ಕೇಳುತ್ತಿದ್ದರು, ನಾನು ಪಟ್ಟಿ ನೋಡಿ ಓದುತ್ತಿದ್ದೆ. ನಾರಿಸ್ ಗೆದ್ದರು. ಮೆಕ್ಲಾರೆನ್‌ಗೆ 666 ಅಂಕ, ಫೆರಾರಿಗೆ 652; 1998ರ ನಂತರ ಮೆಕ್ಲಾರೆನ್‌ಗೆ ಬಂದ ಮೊದಲ ತಂಡ ಪ್ರಶಸ್ತಿ ಅದು. ಗೆದ್ದವನ ಟೈರ್‌ನಲ್ಲಿ ಇನ್ನೆಷ್ಟು ರಬ್ಬರ್ ಉಳಿದಿದೆ ನೋಡು ಎಂದು ಅಪ್ಪ ಹೇಳಿದರು; ನಾರಿಸ್ ಕ್ಯಾಮೆರಾ ತೆರೆದು, ಮುಂದಿನ ಎಡ ಟೈರ್‌ನ ಅಂಚಿನಲ್ಲಿ ಎದ್ದಿದ್ದ ಪುಡಿಯ ಸಾಲನ್ನು ಅವರಿಗೆ ಒಂದೊಂದಾಗಿ ವರ್ಣಿಸಿದೆ.